ಧರ್ಮಪುರದ ಐದು ವರ್ಷದ ಅಜ್ಜಿ

ಹೊಳಲ್ಕೆರೆಯಿಂದ ಮೊದಲ ಬಸ್ಸು ಹಿಡಿದು ದುರ್ಗದಲ್ಲಿ ಇಳಿದಾಗ ಆಷಾಢದ ಗಾಳಿ ಕೋಟೆಯ ಬಂಡೆಗಳನ್ನೆಲ್ಲ ಸವರಿಕೊಂಡು ಬಂದು ನೇರ ನನ್ನ ಕಣ್ಣಿಗೇ ದೂಳು ಹೊಡೆಯಿತು. ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ಹೊರಡುವಾಗ ನಾನು ಅಟ್ಟದಿಂದ ಟ್ರಂಕು ಇಳಿಸಿದ್ದೆ. ಅಣ್ಣ ನೋಡಿ, "ಒಂದು ವಾರಕ್ಕೆ ಟ್ರಂಕ್ ಯಾಕಮ್ಮ? ವಾಪಸ್ ಹೊತ್ಕೊಂಡು ಬರೋದು ಕಷ್ಟ, ಚೀಲ ಸಾಕು" ಅಂದ. ಬೇಕೆಂದೇ ಅಂದದ್ದು. ನಾನೂ ಮುಖ ಊದಿಸಿಕೊಂಡೇ ಬಸ್ಸು ಹತ್ತಿದೆ.

ಎಪ್ಪತ್ತರ ದಶಕದ ನಡುವಿನ ಮಾತಿದು. ಪಿಯುಸಿ ಮುಗಿಸಿ ಅಣ್ಣನ ಮನೆಯಲ್ಲಿ ಅತ್ತಿಗೆಗೆ ಈರುಳ್ಳಿ ಹೆಚ್ಚಿಕೊಡುತ್ತ ಕೂತಿದ್ದ ನನಗೆ, ಧರ್ಮಪುರದ ಕಡಲೆಕಾಯಿ ಸಾಹುಕಾರರೊಬ್ಬರು ಪರಿಚಯದವರ ಮೂಲಕ ಹೇಳಿಕಳಿಸಿದ್ದರು. ಊರಿನ ಚಿಕ್ಕಮಕ್ಕಳಿಗೆ ಒಂದು ಇಂಗ್ಲೀಷ್ ಶಿಶುವಿಹಾರ ತೆಗೆಯುವ ಆಸೆ ಅವರಿಗೆ. ಸೋಮವಾರದಿಂದ ಕಲಿಸಬೇಕು, ಶನಿವಾರ ಅವರೇ ಬಂದು ನೋಡುತ್ತಾರೆ. ಪ್ರತಿ ಮಗುವೂ ತನ್ನ ಹೆಸರನ್ನು ಇಂಗ್ಲೀಷಿನಲ್ಲಿ ಹೇಳಿದರೆ ಶಿಶುವಿಹಾರ ಉಂಟು, ನನಗೆ ಕೆಲಸವೂ ಉಂಟು. ಇಲ್ಲದಿದ್ದರೆ ಮತ್ತೆ ಈರುಳ್ಳಿ. ಅದೊಂದು ಬೇಡವಾಗಿತ್ತು ನನಗೆ.

ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದು ಹಿರಿಯೂರಿನ ಬಸ್ಸು ಹತ್ತಿದೆ. ಹಿರಿಯೂರಿನಲ್ಲಿ ಧರ್ಮಪುರದ ಬಸ್ಸಿಗೆ ಕಾಯುತ್ತ ಕಾಯುತ್ತ ಎರಡು ಸಲ ಚಹಾ ಆಯಿತು. ಕೊನೆಗೆ ಬಂದ ಬಸ್ಸಿನಲ್ಲಿ ಅರ್ಧ ಜನ, ಅರ್ಧ ಮೂಟೆ. ಕಂಡಕ್ಟರ್ ಟಿಕೆಟ್ ಹರಿಯುತ್ತ, "ಯಾರ ಮನೆಗಮ್ಮ?" ಅಂದ. ಮಕ್ಕಳಿಗೆ ಇಂಗ್ಲೀಷ್ ಕಲಿಸಲು ಹೋಗುತ್ತಿದ್ದೇನೆಂದೆ. ಅವನು ಒಂದು ಗಳಿಗೆ ನನ್ನನ್ನೇ ನೋಡಿ, "ಮೊದ್ಲು ಅವು ಕನ್ನಡ ಮಾತಾಡ್ತಾವಾ, ತೆಲುಗು ಮಾತಾಡ್ತಾವಾ, ಅದನ್ನ ನೋಡ್ಕಳ್ರಿ. ಆಮ್ಯಾಕೆ ಇಂಗ್ಲೀಷು" ಎಂದು ಮುಂದೆ ಹೋದ. ಊರು ಬಿಟ್ಟಮೇಲೆ ರಸ್ತೆಯ ಎರಡೂ ಕಡೆ ಕೆಂಪು ಹೊಲ, ಆಗತಾನೇ ಬಿತ್ತಿದ್ದ ಕಡಲೆಕಾಯಿ. ಕುರಿಮಂದೆ ಅಡ್ಡ ಬಂದಾಗಲೆಲ್ಲ ಬಸ್ಸು ನಿಂತು, ಡ್ರೈವರು ಕುರಿಯವರ ಯೋಗಕ್ಷೇಮ ವಿಚಾರಿಸಿಕೊಂಡೇ ಹೊರಡುತ್ತಿದ್ದ. ಧರ್ಮಪುರ ಮುಟ್ಟಿದಾಗ ಹೊತ್ತು ಇಳಿದಿತ್ತು.

ಸಾಹುಕಾರರು ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಅವರ ಮನೆಯ ಹಿಂದಿನ ಕೋಣೆ ನನಗೆ. ಊರೆಲ್ಲ ಸಾವ್ಕಾರಮ್ಮ ಎಂದು ಕರೆಯುತ್ತಿದ್ದ ಅವರ ಹೆಂಡತಿ ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿ, "ಉಣ್ರಿ ಟೀಚರಮ್ಮ, ನಾಳೆಯಿಂದ ಗಂಟಲು ಹರಕೋಬೇಕು" ಅಂದರು. ಆ ಅಮ್ಮನ ಮಾತು ಸುಳ್ಳಾಗಲಿಲ್ಲ.

ಶಾಲೆ ಎಂದರೆ ಸಾಹುಕಾರರ ಗೋದಾಮು. ಬಿತ್ತನೆಗೆ ಬೀಜವೆಲ್ಲ ಹೋಗಿ ಖಾಲಿಯಾಗಿತ್ತು, ಆದರೆ ಮೂಲೆಮೂಲೆಯಲ್ಲಿ ಕಡಲೆಕಾಯಿ ಉಳಿದಿದ್ದವು. ಸೋಮವಾರ ಮಕ್ಕಳು ಬಂದವರೇ ಮೂಲೆ ಹಿಡಿದರು. ನಾನು "ಎ ಫಾರ್ ಆಪಲ್" ಅನ್ನುವಾಗ ಅವರ ಬಾಯಲ್ಲಿ ಕಡಲೆಕಾಯಿ. ಆಪಲ್ ಚಿತ್ರ ತೋರಿಸಿದೆ. ಬದನೇಕಾಯಿ ಎಂದು ಒಬ್ಬ, ಟೊಮೇಟೋ ಎಂದು ಇನ್ನೊಬ್ಬ. ಕುರಿಯ ಚಿತ್ರ ತೋರಿಸಿದರೆ ಇವರಿಗೆ ಸುಲಭವಾದೀತೆಂದು "ಶೀಪ್" ಅಂದೆ. ಹೆಚ್ಚಿನವರು ಕುರಿ ಸಾಕುವ ಮನೆಯ ಮಕ್ಕಳು. ಎಲ್ಲರೂ ಎದ್ದು ಬಂದು ಆ ಬೆಳ್ಳಗಿನ, ಉಣ್ಣೆ ತುಂಬಿದ ವಿಲಾಯ್ತಿ ಕುರಿಯನ್ನು ಸುತ್ತುಗಟ್ಟಿ ಪರೀಕ್ಷಿಸಿದರು. ಒಬ್ಬ ಹುಡುಗ ಕೇಳಿದ: "ಯಾರ ಹಟ್ಟಿದು ಮಿಸ್ ಇದು? ಉಣ್ಣೆ ಕತ್ತರಿಸೇ ಇಲ್ಲ. ಕಾಯಿಲೆ ಬೀಳ್ತೈತೆ." ಆಮೇಲೆ ಅವತ್ತೆಲ್ಲ ಅದೇ ಚಿಂತೆ ಅವರಿಗೆ.

ಮಂಗಳವಾರ "ಕಮ್" ಮತ್ತು "ಗೋ" ಕಲಿಸಿದೆ. "ಕಮ್" ಚೆನ್ನಾಗಿಯೇ ಬಂತು. "ಗೋ" ಅಂದದ್ದೇ ತಡ, ಗೋದಾಮಿಗೆ ಗೋದಾಮೇ ಎದ್ದು ಮನೆಗೆ ಹೋಯಿತು. ನಾನು ಬೀದಿಯಲ್ಲಿ ನಿಂತು "ಕಮ್, ಕಮ್" ಎಂದು ಕೂಗುತ್ತಿದ್ದರೆ ಊರ ನಾಯಿಗಳು ಬಂದವೇ ಹೊರತು ಮಕ್ಕಳು ಬರಲಿಲ್ಲ. ಅವತ್ತು ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಈಗ ನೆನೆದರೆ ನಗು ಬರುತ್ತದೆ, ಅವತ್ತು ಬರಲಿಲ್ಲ.

ಬುಧವಾರಕ್ಕೆ ಒಂದು ದಾರಿ ಸಿಕ್ಕಿತು. ಸಾಹುಕಾರರು ಕೊಟ್ಟ ಪಟ್ಟಿ ನೋಡಿ ಹೆಸರು ರಾಗವಾಗಿ ಎಳೆದು ಕೂಗುವುದು, ಅವರು ಎದ್ದು ನಿಂತು "ಯೆಸ್ ಮಿಸ್" ಅನ್ನುವುದು. ಅದು ಅವರಿಗೆ ಆಟವಾಯಿತು. ಈರಣ್ಣಾ ಅಂದರೆ ಯೆಸ್ ಮಿಸ್, ಚಿಕ್ಕಣ್ಣಾ ಅಂದರೆ ಯೆಸ್ ಮಿಸ್. ಕ್ಯಾತಮ್ಮಾ ಅಂದರೆ ಮಾತ್ರ ಉತ್ತರವಿಲ್ಲ. ಬಂದಿಲ್ಲವೇನೋ ಅಂದುಕೊಂಡೆ. ಆಮೇಲೆ "ಮೈ ನೇಮ್ ಈಸ್" ಎಂದು ಒಬ್ಬೊಬ್ಬರ ಕೈಲಿ ಹೇಳಿಸುತ್ತ ಬಂದೆ. ಮುಂದಿನ ಸಾಲಿನಲ್ಲಿ ಒಂದು ಐದು ವರ್ಷದ ಹುಡುಗಿ, ಎಣ್ಣೆ ಸುರಿಯುವ ಜಡೆ, ಕಾಲು ಚಾಚಿ ಗೋಡೆಗೆ ಒರಗಿ ಕೂತಿದ್ದಳು. "ವಾಟ್ ಈಸ್ ಯುವರ್ ನೇಮ್?" ಅಂದೆ. ಅವಳು ಸ್ಪಷ್ಟವಾಗಿ ಹೇಳಿದಳು: "ಮೈ ನೇಮ್ ಈಸ್ ಅಜ್ಜಿ."

ನಾನು ಬಿದ್ದುಬಿದ್ದು ನಕ್ಕೆ. ಒಂದು ಮಗುವೂ ನಗಲಿಲ್ಲ. "ಅದು ಹೆಸರಲ್ಲ ಕಣೇ" ಅಂದೆ. "ಇವ್ಳು ಅಜ್ಜೀನೇ ಮಿಸ್" ಎಂದು ಎಲ್ಲರೂ ಅವಳ ಪರ ನಿಂತರು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕುಂತ್ಕ" ಅಂದಳು. ದೇವರಾಣೆಗೂ ನಾನು ಕೂತೆ.

ಮಕ್ಕಳನ್ನು ಕರೆದೊಯ್ಯಲು ಬರುವ ತಾಯಂದಿರಲ್ಲಿ ಅವಳ ತಾಯಿ ಈರಕ್ಕ ಬೇಗ ಬಂದು, ಬಾಗಿಲ ಹೊರಗೆ ಕೂತು, ನಮ್ಮ ಪಾಠವನ್ನೆಲ್ಲ ಕೇಳುತ್ತಿದ್ದಳು. ಗಂಡ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಮಗಳನ್ನು ಅವಳು ಕರೆಯುವ ರೀತಿ ಕೇಳಿ ನಾನು ಕಣ್ಣುಕಣ್ಣು ಬಿಟ್ಟೆ. "ಅತ್ತೆ, ಹೋಗಾಣ ಬರ್ರಿ. ಮಣ್ಣಾಗೆ ಆಡಬ್ಯಾಡ್ರಿ ಅತ್ತೆ" ಅನ್ನುತ್ತಿದ್ದಳು! ನಿಮ್ಮ ಮಗಳ ಹೆಸರೇನು ಎಂದು ಕೇಳಿದೆ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು, "ಅದನ್ನ ನಾ ಹೆಂಗ್ ಹೇಳ್ಲಿ ಟೀಚರಮ್ಮ? ಸಾವ್ಕಾರಮ್ಮನ್ನ ಕೇಳ್ರಿ" ಎಂದು ಹೊರಟೇಹೋದಳು.

ಊಟಕ್ಕೆ ಕೂತಾಗ ಸಾವ್ಕಾರಮ್ಮ ಬಿಡಿಸಿ ಹೇಳಿದರು. ಈರಕ್ಕನ ಅತ್ತೆ ಕ್ಯಾತಮ್ಮ ತೀರಿಕೊಂಡ ವರ್ಷವೇ ಈ ಮಗು ಹುಟ್ಟಿತು. ಅದಕ್ಕೇ ಆ ಹೆಸರೇ ಇಟ್ಟರು. ಸೊಸೆಯಾದವಳು ಅತ್ತೆಯ ಹೆಸರು ಹಿಡಿದು ಕೂಗುವಂತಿಲ್ಲ, ಹಾಗಾಗಿ ತಾಯಿಗೆ ಮಗಳು ಅತ್ತೆ. ತಂದೆಗೆ ಅವ್ವ. ಅಕ್ಕ, ಅಣ್ಣಂದಿರಿಗೆ ಅಜ್ಜಿ. ಊರಿಗೂ ಅಜ್ಜಿ. "ಹಿರೇರು ವಾಪಸ್ ಬಂದವ್ರೆ ಅಂತ ಅವ್ಳಿಗೆ ಯಾರೂ ಬೈಯಲ್ಲ, ಹೊಡೆಯಲ್ಲ. ಅವ್ಳ ಹೆಸರು ಅವ್ಳೇ ಕೇಳಿಲ್ಲ" ಅಂದರು ಸಾವ್ಕಾರಮ್ಮ. ಇಟ್ಟ ಹೆಸರನ್ನು ಸಾಹುಕಾರರಿಗೆ ಹೇಳಿದ್ದು ಅವಳ ತಂದೆಯಂತೆ. "ನೀವೂ ಹೀಗೇನಾ?" ಅಂದೆ. "ನಮ್ಮತ್ತೆ ಹೆಸರು ನಾ ಇವತ್ತಿಗೂ ಅಂದಿಲ್ಲಮ್ಮ" ಎಂದು ಇನ್ನೊಂದು ಮುದ್ದೆ ಹಾಕಿದರು. ಶನಿವಾರ ಇವಳೊಬ್ಬಳು "ಅಜ್ಜಿ" ಅಂದರೆ ನನ್ನ ಕೆಲಸಕ್ಕೆ ಕಲ್ಲು ಬಿತ್ತು.

ಗುರುವಾರ, ಶುಕ್ರವಾರ ಅವಳ ಹಿಂದೆಯೇ ಬಿದ್ದೆ. ಬೆಲ್ಲ ಕೊಟ್ಟೆ, ತೊಡೆಯ ಮೇಲೆ ಕೂರಿಸಿಕೊಂಡೆ, ರೇಗಿದೆ. ಬೆಲ್ಲ ತಿಂದಳು, ತೊಡೆಯ ಮೇಲೆ ನಿದ್ದೆ ಹೋದಳು. ಎದ್ದು "ಮೈ ನೇಮ್ ಈಸ್ ಅಜ್ಜಿ" ಅಂದಳು. ತಾಯಿ ಬಾಯಲ್ಲಿ ಬಾರದ ಹೆಸರು ಅವಳಿಗೆ ಹೆಸರೇ ಅಲ್ಲ. ಶುಕ್ರವಾರ ಸಂಜೆ ಈರಕ್ಕನ ಮುಂದೆ ಕಷ್ಟ ತೋಡಿಕೊಂಡೆ: "ನಿಮ್ಮ ಅತ್ತೆಯಿಂದ ನಾನು ಊರು ಬಿಡಬೇಕಾಗ್ತದೆ ಈರಕ್ಕ. ನೀವೊಂದು ಸಲ ಕರೆದರೆ ಅವಳಿಗೆ ಗೊತ್ತಾಗ್ತದೆ."

ಅವಳು ನೆಲ ಕೆದಕುತ್ತ ಕೂತಳು. "ಶಾಲೆ ನಿಂತೋಗ್ತೈತಾ?" ಅಂದಳು. ನಿಲ್ಲುತ್ತದೆ ಅಂದೆ. "ನಮ್ಮತ್ತೆ ಬಾಳ ಒಳ್ಳೇರು. ಬಾಣಂತನದಾಗೆ ನನ್ನ ಕೂಸಿನಂಗೆ ನೋಡ್ಕಂಡ್ರು. ಅವ್ರ ಹೆಸ್ರು ಹೆಂಗ್ ಹಿಡೀಲಿ?" ಅಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ಟೀಚರಮ್ಮ, ಇಂಗ್ಲೀಷ್ನಾಗೆ ಕರದ್ರೂ ದೋಷ ಆಗ್ತೈತೇನ್ರಿ?" ನನಗೆ ತಲೆ ಕೆಟ್ಟಿತ್ತು. "ಇಂಗ್ಲೀಷಿನಲ್ಲಿ ಅತ್ತೆಯೂ ಇಲ್ಲ, ಸೊಸೆಯೂ ಇಲ್ಲ ತಾಯಿ" ಎಂದು ಎದ್ದುಬಂದೆ. ಕೋಣೆಗೆ ಬಂದು ಚೀಲಕ್ಕೆ ಬಟ್ಟೆ ತುಂಬಿದೆ.

ಶನಿವಾರ ಸಾಹುಕಾರರು ಪೇಟ ಸುತ್ತಿಕೊಂಡು ಬಂದು ಖಾಲಿ ಗೋಣಿಚೀಲಗಳ ಮೂಟೆಯ ಮೇಲೆ ಕೂತರು. ಸಾವ್ಕಾರಮ್ಮನೂ ಬಂದರು. ಬಾಗಿಲ ತುಂಬ ತಾಯಂದಿರು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೆಸರು ಹೇಳಿದರು. ಒಬ್ಬ ತನ್ನ ಹೆಸರಿನ ಜೊತೆ ತನ್ನ ಟಗರಿನ ಹೆಸರೂ ಹೇಳಿದ. ಸಾಹುಕಾರರ ಮೀಸೆ ಅಲುಗಿತು, ನನಗೆ ಧೈರ್ಯ ಬಂತು. ಕೊನೆಗೆ ಅವಳ ಸರದಿ.

"ಮೈ ನೇಮ್ ಈಸ್ ಅಜ್ಜಿ."

ಸಾಹುಕಾರರು ನನ್ನ ಕಡೆ ತಿರುಗಿದರು. "ಹೆಸ್ರು ಕ್ಯಾತಮ್ಮ ಅಂತ ಇವ್ರಪ್ಪ ನನ್ ಹತ್ರ ಹೇಳವ್ನೆ. ಕರೀರಿ ನೋಡಾಣ." ನಾನು ರಾಗ ಎಳೆದು ಕರೆದೆ. ಅವಳು ಕಡಲೆಕಾಯಿ ಸುಲಿಯುತ್ತಿದ್ದಳು. ಮತ್ತೆ ಕರೆದೆ. ಸುಲಿದದ್ದನ್ನು ಬಾಯಿಗೆ ಹಾಕಿಕೊಂಡಳು. ಸಾಹುಕಾರರು ಮೊಣಕಾಲ ಮೇಲೆ ಕೈಯೂರಿ ಏಳತೊಡಗಿದರು. "ಮುಂದಿನ ವರ್ಷ ನೋಡಾಣ ಬಿಡ್ರಿ" ಅಂದರು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಆಗ ಬಾಗಿಲ ಕಡೆ ಜನ ಸರಿದರು. ಈರಕ್ಕ ಒಳಗೆ ಬಂದಿದ್ದಳು. ಎರಡೂ ಕೈ ಕೆನ್ನೆಗೆ ಮುಟ್ಟಿಸಿ ತಪ್ಪಾಯಿತು ಎಂದು ಮೇಲೆ ನೋಡಿದಳು. ಆಮೇಲೆ ನಾನು ನಿಲ್ಲುವ ಹಾಗೆಯೇ ನೆಟ್ಟಗೆ ನಿಂತು, ನಾನು ಎಳೆಯುವ ಅದೇ ರಾಗದಲ್ಲಿ ಕರೆದಳು.

"ಕ್ಯಾತಮ್ಮಾ."

ಹುಡುಗಿಯ ಕೈಯ ಕಡಲೆಕಾಯಿ ಕೆಳಗೆ ಬಿತ್ತು. ತಾಯಿಯ ಮುಖವನ್ನೇ ನೋಡುತ್ತ ಮೆಲ್ಲಗೆ ಎದ್ದು ನಿಂತಳು. "ಯೆಸ್ ಮಿಸ್" ಅಂದಳು.

ಸಾವ್ಕಾರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನಂತೂ ಅತ್ತೇಬಿಟ್ಟೆ. ಸಾಹುಕಾರರು ಹೆಂಡತಿಯ ಕಡೆ ಒಮ್ಮೆ ನೋಡಿ ಮತ್ತೆ ಮೂಟೆಯ ಮೇಲೆ ಕೂತರು. "ನಿಮ್ಮ ಸಾಮಾನು ಏನೈತೋ ತಂದ್ಬಿಡ್ರಿ" ಅಂದರು.

ಭಾನುವಾರ ಬೆಳಗ್ಗೆ ಟ್ರಂಕು ತರಲು ಹೊರಟೆ. ಅಣ್ಣನ ಮುಂದೆ ಅದನ್ನು ಅಟ್ಟದಿಂದ ಮತ್ತೆ ಹೇಗೆ ಇಳಿಸಬೇಕೆಂದು ದಾರಿಯುದ್ದಕ್ಕೂ ಯೋಚಿಸುವುದಿತ್ತು. ಬಸ್ಸಿನ ಕಿಟಕಿಯ ಹತ್ತಿರ ಈರಕ್ಕ ಮಗಳನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಬಿಸಿ ರೊಟ್ಟಿ, ಕಡಲೆಕಾಯಿ ಚಟ್ನಿಯ ಗಂಟು ಕೊಟ್ಟಳು.

"ಅತ್ತೆ, ಮಿಸ್ಸಿಗೆ ಟಾಟಾ ಮಾಡ್ರಿ" ಅಂದಳು ಮಗಳಿಗೆ.

"ಇದೇನು ಈರಕ್ಕ, ಮತ್ತೆ ಅತ್ತೆ? ನಿನ್ನೆ ಅಷ್ಟು ಚೆಂದ ಹೆಸರು ಹಿಡಿದು ಕರೆದಿರಲ್ಲ" ಅಂದೆ.

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಅದು ಇಂಗ್ಲೀಷ್ನಾಗೆ ಕರ್ದಿದ್ದಲ್ವೇನ್ರಿ?" ಅಂದಳು.

ಬಸ್ಸು ಹೊರಟಿತು. ಕತ್ತು ಹೊರಗೆ ಹಾಕಿ ನೋಡಿದೆ. ಗಾಳಿಗೆ ದೂಳೆದ್ದು, ಈರಕ್ಕ ಅತ್ತೆಯ ಮುಖಕ್ಕೆ ಸೆರಗು ಮುಚ್ಚಿ ಮನೆಯ ಕಡೆ ನಡೆಯುತ್ತಿದ್ದಳು.