ಇಪ್ಪತ್ತು ಪರ್ಸೆಂಟು ಪ್ರಳಯ

ಊರ್ಮಿಳಾಗೆ ಈಗ ನಲವತ್ತೊಂದು. ಸ್ವೀಡನ್ನಿನ ಸೋಲ್ನಾದಲ್ಲಿ ಮನೆ, ಸೋಡರ್‌ಟೆಲ್ಯೆಯ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ. ಬೆಳಗ್ಗೆ ರೈಲು ಹಿಡಿದು ಹೋಗಿ, ಮಾತ್ರೆಗಳು ಸರಿಯಾಗಿವೆಯೇ ಎಂದು ಪರೀಕ್ಷೆ ಮಾಡಿ, ಸಂಜೆ ಅದೇ ರೈಲಿನಲ್ಲಿ ವಾಪಸ್. ದಾವಣಗೆರೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಎರಡು ವರ್ಷದ ಮಗಳು ಕೃತಿಯನ್ನು ಎತ್ತಿಕೊಂಡು ಸ್ವೀಡನ್ನಿಗೆ ಬಂದವಳು. ಅವಳ ಬಗ್ಗೆ ಪತ್ರಿಕೆಯಲ್ಲಿ ಬರೆಯುವಂಥದ್ದು ಏನೂ ಇಲ್ಲ. ಅವಳ ಗಂಡನ ಬಗ್ಗೆ ಇದೆ ಎಂದು ಅವಳ ಗಂಡನಿಗೆ ಅನಿಸುತ್ತಿತ್ತು.

ಗಂಡನ ಹೆಸರು ಅಶ್ವತ್ಥ. ನಮ್ಮ ಕಡೆ ಹೆಂಗಸರು ಮಕ್ಕಳಾಗಲಿ ಎಂದು ಅಶ್ವತ್ಥ ಮರ ಸುತ್ತುತ್ತಾರೆ. ಊರ್ಮಿಳಾ ಕಟ್ಟಿಕೊಂಡ ಅಶ್ವತ್ಥನ ತಳಿಯೇ ಬೇರೆ. ವಿಮಾ ಕಂಪನಿಯೊಂದರಲ್ಲಿ ಯಾವ ಕೆಡುಕು ಎಷ್ಟು ಪಾಲು ಸಂಭವ ಎಂದು ಲೆಕ್ಕ ಹಾಕುವುದು ಅವನ ಕೆಲಸ. ಸುಮಾರು ಮೂರು ವರ್ಷದ ಹಿಂದೆ, ಎಲ್ಲರ ಫೋನಿನಲ್ಲೂ ಮಾತಾಡುವ ಯಂತ್ರ ಬಂದು ಕೂತಾಗ, ಅವನಿಗೆ ಬೆಂಕಿ, ಪ್ರವಾಹ, ಕಾರು ಅಪಘಾತಗಳೆಲ್ಲ ಚಿಲ್ಲರೆಯಾಗಿ ಕಂಡವು. ಗುರುವಾರ ಸೇರುವ ಚರ್ಚೆಯ ಗುಂಪೊಂದಕ್ಕೆ ಸೇರಿಕೊಂಡ. ಮನುಷ್ಯಕುಲ ಎಂಬ ಶಬ್ದ ಬಾಯಿಗೆ ಹತ್ತಿತು. ಊಟಕ್ಕೆ ಕೂತರೆ ಮನುಷ್ಯಕುಲ, ಬಟ್ಟೆ ಒಣಹಾಕುವಾಗ ಮನುಷ್ಯಕುಲ. ಇಷ್ಟು ದೊಡ್ಡ ಕುಲವನ್ನು ತಲೆ ಮೇಲೆ ಹೊತ್ತ ಗಂಡಸು ತಾನು ಉಂಡ ತಟ್ಟೆಯನ್ನು ಮಾತ್ರ ಎತ್ತುತ್ತಿರಲಿಲ್ಲ.

ಯಂತ್ರ ಒಂದು ದಿನ ಮನುಷ್ಯರನ್ನೇ ಮುಗಿಸಿಬಿಡುತ್ತದೆ ಎಂಬ ಅವನ ಭಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಅವನಿಗಿಂತ ಬಲು ಬುದ್ಧಿವಂತರು ಅದೇ ಮಾತು ಹೇಳುತ್ತಾರೆ. ಅಷ್ಟೇ ಬುದ್ಧಿವಂತರು ಅದೆಲ್ಲ ಬರಿ ಬೊಗಳೆ ಎಂದೂ ಹೇಳುತ್ತಾರೆ. ಯಂತ್ರಕ್ಕೆ ನಮ್ಮ ಮೇಲೆ ದ್ವೇಷವೇ ಬೇಕಿಲ್ಲ ಎಂದು ಅಶ್ವತ್ಥ ವಿವರಿಸುತ್ತಿದ್ದ.

"ಇಲ್ಲಿ ಮೂಸ್ ಬೇಟೆ ನೋಡು. ಕುದುರೆಯಷ್ಟು ದೊಡ್ಡ ಜಿಂಕೆ, ಯಾರಿಗಾದ್ರೂ ಅದ್ರ ಮೇಲೆ ಕೋಪ ಇದ್ಯಾ? ಇಲ್ಲ. ಆದ್ರೂ ಪ್ರತಿ ವರ್ಷ ಮೀಟಿಂಗ್ ಮಾಡ್ತಾರೆ, ಕಾಫಿ ಕುಡೀತಾರೆ, ಈ ಸಲ ಇಷ್ಟು ಹೊಡೀಬೇಕು ಅಂತ ಡಿಸೈಡ್ ಮಾಡ್ತಾರೆ. ಮೂಸ್‌ನ ಯಾರೂ ಕೇಳಲ್ಲ. ನಾಳೆ ನಾವೇ ಮೂಸ್."

ಊರ್ಮಿಳಾಗೆ ಈ ಮಾತು ಎದೆಗೆ ನಾಟಿತ್ತು. ಗಂಡ ಓದಿಕೊಂಡವನು ಎಂಬ ಹೆಮ್ಮೆಯೂ ಇತ್ತು. ಆ ಹೆಮ್ಮೆಗೆ ಅವಳು ಕೊಟ್ಟ ಬೆಲೆ ನೋಡಿದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಆ ವರ್ಷದ ಏಪ್ರಿಲ್‌ನಲ್ಲಿ ಅವಳು ಬಸುರಿಯಾದಳು. ಮೂವತ್ತೊಂಬತ್ತರ ವಯಸ್ಸು, ಇನ್ನೊಂದು ಮಗು ಬೇಕೆಂದು ಆರು ವರ್ಷದಿಂದ ಆಸೆ, ಇದೇ ಕೊನೆಯ ಅವಕಾಶ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದೆಂಬುದು ನಮ್ಮಲ್ಲಿ ರೂಢಿ, ಕಣ್ಣು ತಾಗುತ್ತದಂತೆ. ಹಾಗಾಗಿ ದಾವಣಗೆರೆಯ ಅಮ್ಮನಿಗೂ ಹೇಳಲಿಲ್ಲ. ಹೇಳಿದ್ದರೆ ಅಮ್ಮ ಮೊದಲ ವಿಮಾನಕ್ಕೆ ಬಂದು ಅಳಿಯನ ಗ್ರಹಚಾರ ಬಿಡಿಸುತ್ತಿದ್ದರು. ಹೇಳಿದ್ದು ಗಂಡನಿಗೊಬ್ಬನಿಗೆ.

ಅವನು ಎರಡು ದಿನ ಲೆಕ್ಕ ಹಾಕಿದ. ಮೂರನೆಯ ದಿನ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದ. ಕಾಫಿ ತಾನೇ ಮಾಡಿದ್ದ.

"ಟ್ವೆಂಟಿ ಪರ್ಸೆಂಟ್, ಊರ್ಮಿ. ಹತ್ತು ವರ್ಷದೊಳಗೆ ಎಲ್ಲಾ ಮುಗಿಯೋ ಚಾನ್ಸ್. ನಾನು ಕಮ್ಮಿನೇ ಹಾಕಿದೀನಿ."

"ಅಂದ್ರೆ ಎಂಬತ್ತು ಪರ್ಸೆಂಟ್ ಬದುಕ್ತೀವಲ್ಲ?"

"ಫಿನ್‌ಲ್ಯಾಂಡಿಗೆ ಹೋಗೋ ಐದು ಹಡಗಲ್ಲಿ ಒಂದು ಮುಳುಗತ್ತೆ ಅಂದ್ರೆ ಮಗೂನ ಹತ್ತಿಸ್ತೀಯಾ?"

"ಕೃತಿ ಆಗ್ಲೇ ಹತ್ತಿದಾಳಲ್ಲ, ಅಶು."

"ಅದಕ್ಕೇ ಹೇಳ್ತಿರೋದು. ಇನ್ನೊಂದ್ಯಾಕೆ?"

ಒಂಬತ್ತು ದಿನ ಹೀಗೇ ನಡೆಯಿತು. ಅವನು ಒಮ್ಮೆಯೂ ದನಿ ಏರಿಸಲಿಲ್ಲ. ಬೈದಿದ್ದರೆ ಅವಳೂ ತಿರುಗಿ ಬೈಯಬಹುದಿತ್ತು, ಬಾಗಿಲು ಬಡಿಯಬಹುದಿತ್ತು. ಅವನು ಅವಳ ಪಾದ ಒತ್ತಿದ, ಸಾರು ಮಾಡಿದ, ಹುಟ್ಟಿ ಹತ್ತು ವರ್ಷ ತುಂಬುವ ಮೊದಲೇ ಸಾಯುವ ಮಗುವಿಗೆ ನಾವು ಏನೆಂದು ಉತ್ತರ ಕೊಡುವುದು ಎಂದು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ. ಮಗು ಬೇಕೆನ್ನುವುದೇ ಸ್ವಾರ್ಥ ಎಂದು ಊರ್ಮಿಳಾಗೇ ಅನಿಸತೊಡಗಿತು. ಹತ್ತನೆಯ ದಿನ ಅವಳು ಸರಿ ಎಂದಳು.

ಸ್ವೀಡನ್ನಿನಲ್ಲಿ ಗರ್ಭ ತೆಗೆಸಲು ಯಾರ ಅಪ್ಪಣೆಯೂ ಬೇಡ. ಹೆರಿಗೆ ಮಾಡಿಸುವವಳೂ ಸೂಲಗಿತ್ತಿಯೇ, ಮಾತ್ರೆ ಕೊಡುವವಳೂ ಸೂಲಗಿತ್ತಿಯೇ. ಬಿಳಿಗೂದಲಿನ ಆ ಹೆಂಗಸು ಅಶ್ವತ್ಥನನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿ, ಊರ್ಮಿಳಾಳನ್ನು ನೇರವಾಗಿ ಕೇಳಿದಳು: ಇದು ನಿನ್ನ ಸ್ವಂತ ನಿರ್ಧಾರವೇ? ಯಾರಾದರೂ ಒತ್ತಾಯ ಮಾಡಿದ್ದಾರೆಯೇ? ಬೇಕಾದರೆ ಇನ್ನೂ ಸಮಯವಿದೆ, ಮನೆಗೆ ಹೋಗಿ ಯೋಚಿಸು.

ಇಡೀ ದೇಶ ಅವಳ ಒಂದು 'ಅಲ್ಲ'ಕ್ಕಾಗಿ ಕಾದು ಕೂತಿತ್ತು. ಆದರೆ ಗಂಡನ ಮಾತನ್ನು ಹೊರಗಿನವರ ಮುಂದೆ ಆಡಿಕೊಳ್ಳಬಾರದು ಎಂದು ಅವಳಿಗೆ ಹನ್ನೆರಡನೇ ವಯಸ್ಸಿನಿಂದ ಹೇಳಿಕೊಟ್ಟಿದ್ದರು. ಬಿಳಿಯ ಹೆಂಗಸಿನ ಎದುರು ತಮ್ಮ ಮನೆಯ ಗಂಡಸು ಒರಟನಂತೆ ಕಾಣಬಾರದು ಎಂಬ ಮರ್ಯಾದೆ ಬೇರೆ. ನನ್ನದೇ ನಿರ್ಧಾರ ಎಂದು ಸ್ಪಷ್ಟವಾದ ಸ್ವೀಡಿಷ್‌ನಲ್ಲಿ ಹೇಳಿದಳು. ನಿನ್ನ ಭಾಷೆ ಬಹಳ ಚೆನ್ನಾಗಿದೆ ಎಂದು ಸೂಲಗಿತ್ತಿ ಮೆಚ್ಚಿಕೊಂಡಳು.

ಮೊದಲ ಮಾತ್ರೆಯನ್ನು ಅಲ್ಲೇ ನುಂಗಿದಳು, ಎರಡು ದಿನದ ನಂತರದವನ್ನು ಮನೆಯಲ್ಲಿ ತೆಗೆದುಕೊಂಡಳು. ಅಂದು ಗುರುವಾರ. ಕೃತಿ ಶಾಲೆಗೆ ಹೋಗಿದ್ದಳು. ಹೆಂಡತಿಯ ಜೊತೆಗಿರಲೆಂದು ಅಶ್ವತ್ಥ ರಜೆ ಹಾಕಿದ್ದ, ಗುಂಪಿನ ಚರ್ಚೆಗೆ ಮನೆಯಿಂದಲೇ ಸೇರಿಕೊಂಡ. ಬಚ್ಚಲಿನ ನೆಲದ ಮೇಲೆ ಮೊಣಕಾಲು ಮಡಚಿ ಕೂತ ಊರ್ಮಿಳಾಗೆ ಗೋಡೆಯಾಚೆಯಿಂದ ಅವನ ಇಂಗ್ಲಿಷ್ ಸ್ಪಷ್ಟವಾಗಿ ಕೇಳುತ್ತಿತ್ತು. ಇನ್ನೂ ಹುಟ್ಟದಿರುವವರ ಹಕ್ಕುಗಳ ಬಗ್ಗೆ ಅವನು ಇಪ್ಪತ್ತು ನಿಮಿಷ ಮಾತಾಡಿದ. ಚೆನ್ನಾಗಿಯೇ ಮಾತಾಡಿದ, ಕೊನೆಗೆ ಯಾರೋ ಚಪ್ಪಾಳೆ ತಟ್ಟಿದರು.

ಹೇಳಬಾರದ ಮೂರು ತಿಂಗಳೊಳಗೇ ಎಲ್ಲ ಮುಗಿದಿದ್ದರಿಂದ, ಅಳುವುದಕ್ಕೂ ಅವಳಿಗೆ ಯಾರೂ ಇರಲಿಲ್ಲ. ಸೋಮವಾರ ಕೆಲಸಕ್ಕೆ ಹೋದಳು. ಎಂಟು ವರ್ಷದ ಕೃತಿ ಮಾತ್ರ ಒಂದು ಸಂಜೆ ಮಗ್ಗಿ ಕಲಿಯಲು ಒಲ್ಲೆನೆಂದು ಹಟ ಹಿಡಿದಳು. ಕನ್ನಡ ಪೂರ್ತಿ ಅರ್ಥವಾದರೂ ಅವಳ ಉತ್ತರವೆಲ್ಲ ಇಂಗ್ಲಿಷಿನಲ್ಲಿ, ಇಲ್ಲವೇ ಸ್ವೀಡಿಷ್‌ನಲ್ಲಿ.

"ವೈ ಶುಡ್ ಐ? ಪಪ್ಪಾ ಸೆಡ್ ಎವ್ರಿಬಡಿ ಈಸ್ ಗೋಯಿಂಗ್ ಟು ಡೈ."

ಅಶ್ವತ್ಥ ನಕ್ಕ. ಮಗಳು ಚುರುಕಾಗಿದ್ದಾಳೆ ಎಂದ.

ಮುಂದಿನ ವರ್ಷ ಅವನಿಗೆ ಹೊಸ ಕೆಲಸ ಸಿಕ್ಕಿತು. ಎಲ್ಲಿ ಎಂದರೆ, ಅದೇ ಬುದ್ಧಿವಂತ ಯಂತ್ರಗಳನ್ನು ಕಟ್ಟುವ ಕಂಪನಿಯಲ್ಲಿ. ಊರ್ಮಿಳಾ ತಬ್ಬಿಬ್ಬಾದಳು.

"ಹೊರಗೆ ನಿಂತು ಕೂಗಾಡಿದ್ರೆ ಏನ್ ಪ್ರಯೋಜನ? ಒಳಗೆ ಸೇರ್ಕೊಂಡು ಸೇಫ್ ಮಾಡ್ಬೇಕು," ಎಂದ ಅವನು.

ಅಲ್ಲಿ ದಿನಕ್ಕೆರಡು ಸಲ ಫೀಕಾ ಎಂಬ ಬಿಡುವು, ಕಾಫಿಯ ಜೊತೆ ಏಲಕ್ಕಿ ಬನ್ನು. ನಿದ್ದೆ ಚೆನ್ನಾಗಿ ಬರತೊಡಗಿತು, ಹೊಟ್ಟೆಯೂ ಸ್ವಲ್ಪ ಮುಂದೆ ಬಂತು. ಗುರುವಾರದ ಗುಂಪು ಬಿಟ್ಟುಹೋಯಿತು. ಮನುಷ್ಯಕುಲದ ಹೆಸರು ಮನೆಯಲ್ಲಿ ಕೇಳುವುದೇ ಅಪರೂಪವಾಯಿತು. ಒಳಗೆ ಹೋಗಿ ಗಂಡ ನಿಜವಾಗಿಯೂ ಏನೋ ಸರಿಮಾಡುತ್ತಿದ್ದಾನೆ ಎಂದು ಊರ್ಮಿಳಾ ನಂಬಿದಳು. ನಂಬದಿದ್ದರೆ ತಾನು ಕಳೆದುಕೊಂಡಿದ್ದಕ್ಕೆ ಅರ್ಥವೇ ಉಳಿಯುತ್ತಿರಲಿಲ್ಲ.

ಕಳೆದ ಅಕ್ಟೋಬರಿನ ಒಂದು ಭಾನುವಾರ ಅವಳು ಜಹೀರ್ ಮತ್ತು ಫೆಹ್ಮಿದಾರನ್ನು ಊಟಕ್ಕೆ ಕರೆದಿದ್ದಳು. ಫೆಹ್ಮಿದಾ ದಾವಣಗೆರೆಯವಳೇ, ಜಹೀರ್ ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರ್. ನಾಲ್ಕು ತಿಂಗಳ ಮಗ ಹಾಶಿಮ್ ಜೊತೆಗಿದ್ದ. ವಾಂಗಿಬಾತು ಮುಗಿದ ಮೇಲೆ ಅಶ್ವತ್ಥ ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಅದರ ಕೆನ್ನೆ ಹಿಂಡಿದ.

"ನೋಡಿ ಜಹೀರ್, ಮಕ್ಕಳಿದ್ರೇ ಫ್ಯೂಚರ್ ಅನ್ನೋ ಮಾತಿಗೆ ಅರ್ಥ."

ಊರ್ಮಿಳಾ ಮೊಸರಿನ ಪಾತ್ರೆಯನ್ನು ಕೆಳಗಿಟ್ಟಳು.

ಅವನಿಗೆ ಅದು ಕಾಣಲಿಲ್ಲ. ಅವನು ಇನ್ನೊಂದು ಸಂತೋಷದ ಸುದ್ದಿ ಹೇಳುವ ಉತ್ಸಾಹದಲ್ಲಿದ್ದ. ಊರಂಚಿನಲ್ಲಿ ತರಕಾರಿ ಬೆಳೆದುಕೊಳ್ಳಲು ಸಣ್ಣ ಸಣ್ಣ ತೋಟದ ತುಂಡು ಕೊಡುತ್ತಾರಲ್ಲ, ಅದರ ಸರದಿಯಲ್ಲಿ ಹೆಸರು ಬರೆಸಿದ್ದನಂತೆ.

"ಎಷ್ಟು ದಿನ ಕಾಯ್ಬೇಕು ಭಾಯ್?" ಜಹೀರ್ ಕೇಳಿದ.

"ದಿನ ಅಲ್ಲ ರೀ, ಹದಿನೇಳು ವರ್ಷ! ಆದ್ರೇನು, ರಿಟೈರ್ ಆಗೋ ಟೈಮಿಗೆ ಕರೆಕ್ಟಾಗಿ ಬರತ್ತೆ. ನಾನು ಊರ್ಮಿ ಇಬ್ರೂ ಕೂತ್ಕೊಂಡು ಟೊಮ್ಯಾಟೊ ಬೆಳೀತೀವಿ."

"ಹದಿನೇಳು ವರ್ಷ ಆದ್ಮೇಲೆ ಯಾರಿರ್ತಾರೆ?" ಊರ್ಮಿಳಾ ಕೇಳಿದಳು.

"ಅಂದ್ರೆ?"

"ಹತ್ತೇ ವರ್ಷ ಅಂದಿದ್ರಿ."

"ಓ, ಅದಾ?" ಅಶ್ವತ್ಥ ನಕ್ಕು ಮಗುವನ್ನು ಇನ್ನೊಂದು ತೊಡೆಗೆ ಬದಲಿಸಿದ. "ಅದೆಲ್ಲ ಆವಾಗಿನ ನಂಬರ್ ಕಣೇ. ಹೊಸ ಡೇಟಾ ಬಂದ್ರೆ ಎಸ್ಟಿಮೇಟ್ ಅಪ್‌ಡೇಟ್ ಮಾಡ್ಕೋಬೇಕು. ಈಗ ನಾಲ್ಕು ಪರ್ಸೆಂಟ್ ಅಂತ ಇಟ್ಕೊಂಡಿದೀನಿ. ನಾಲ್ಕೂವರೆ."

ಊರ್ಮಿಳಾ ಎದ್ದು ಬಂದು ಮಗುವನ್ನು ಅವನ ಕೈಯಿಂದ ತೆಗೆದುಕೊಂಡು ಫೆಹ್ಮಿದಾಳ ಮಡಿಲಿಗೆ ಕೊಟ್ಟಳು.

"ನಂಗೂ ಒಂದಿತ್ತು, ಫೆಹ್ಮಿದಾ. ಇದ್ದಿದ್ರೆ ಈ ಡಿಸೆಂಬರಿಗೆ ಎರಡು ವರ್ಷ. ಇವ್ರು ಇಪ್ಪತ್ತು ಪರ್ಸೆಂಟ್ ಅಂದ್ರು, ನಾನು ನುಂಗ್ದೆ. ಇನ್ನೂ ಯಾವ ಮಷೀನೂ ಯಾರನ್ನೂ ಕೊಂದಿಲ್ಲ. ನಮ್ಮನೇಲಿ ಒಂದು ಹೋಯ್ತು."

ಜಹೀರ್ ತಲೆ ತಗ್ಗಿಸಿದ. ಫೆಹ್ಮಿದಾ ಮಗುವನ್ನು ಎದೆಗೆ ಒತ್ತಿಕೊಂಡಳು. ಅಶ್ವತ್ಥನ ಮುಖ ಕೆಂಪಾಯಿತು. ಗೆಸ್ಟ್ ಮುಂದೆ ಏನಿದು, ಊರ್ಮಿ, ಅದು ಜಾಯಿಂಟ್ ಡಿಸಿಷನ್ ಆಗಿತ್ತಲ್ವಾ ಎಂದ. ಆಗಲೇ ಅವನಿಗೆ ಬಾಗಿಲ ಬಳಿ ನಿಂತಿದ್ದ ಮಗಳು ಕಂಡಳು. ಕೃತಿಗೆ ಈಗ ಹತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಯಾರೂ ಗಮನಿಸಿರಲಿಲ್ಲ.

"ಪಪ್ಪಾ, ನಾನ್ ಹುಟ್ಟೋವಾಗ ಎಷ್ಟಿತ್ತು ಪರ್ಸೆಂಟ್?" ಅವಳು ಕನ್ನಡದಲ್ಲೇ ಕೇಳಿದಳು.

ಹುಚ್ಚಿ, ನಿನ್ನ ವಿಷಯದಲ್ಲಿ ಯಾರಾದರೂ ಲೆಕ್ಕ ಹಾಕುತ್ತಾರಾ ಎಂದು ಹೇಳಿ ಅಪ್ಪಿಕೊಂಡಿದ್ದರೆ ಸಾಕಿತ್ತು. ಯಾವ ದಡ್ಡನಿಗೂ ಹೊಳೆಯುವ ಉತ್ತರ ಅದು. ಅಶ್ವತ್ಥ ಚಾವಣಿ ನೋಡಿ ಯೋಚಿಸಿದ.

"ಟ್ವೆಂಟಿ ಫಿಫ್ಟೀನಲ್ಲಿ... ತುಂಬಾ ಕಮ್ಮಿ ಇತ್ತು ಪುಟ್ಟಾ. ಎರಡೋ ಮೂರೋ, ಅಷ್ಟೇ."

"ಟ್ವೆಂಟಿ ಇದ್ದಿದ್ರೆ?"

ಅಶ್ವತ್ಥ ಊರ್ಮಿಳಾ ಕಡೆ ತಿರುಗಿದ, ನೀನಾದರೂ ಏನಾದರೂ ಹೇಳು ಎನ್ನುವಂತೆ. ಊರ್ಮಿಳಾ ಅವನ ತಟ್ಟೆಯೊಂದನ್ನು ಬಿಟ್ಟು ಉಳಿದ ತಟ್ಟೆಗಳನ್ನು ಎತ್ತತೊಡಗಿದಳು. ಮಗಳು ಅಪ್ಪನ ಮುಖವನ್ನೇ ನೋಡುತ್ತ ಕಾದಳು.