ಒಳಗಿನ ಚಿಲಕ

ನಮ್ಮ ಬೀದಿಯ ಕ್ಷೌರಿಕನಿಗೆ ಜನ ಇಟ್ಟ ಹೆಸರು ಪುಕ್ಕಲಣ್ಣ. ಲಿಫ್ಟ್ ಹತ್ತುವವನಲ್ಲ, ನಾಯಿ ಮಲಗಿದ್ದರೂ ಸುತ್ತುಹಾಕಿ ಹೋಗುವವನು. ಪಕ್ಕದ ಟೈರ್ ಅಂಗಡಿಯಲ್ಲಿ ಟ್ಯೂಬ್ ಒಡೆದರೆ ಗಿರಾಕಿಯ ತಲೆ ಬಿಟ್ಟು ಹೊರಗೆ ಬಂದುಬಿಡುತ್ತಿದ್ದ.

ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಅಕ್ಕ. ಇಸ್ತ್ರಿಪೆಟ್ಟಿಗೆ ಹಿಡಿದೇ ಸವೆದ ಕೈ ಅವಳದು. ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋದ ಮೇಲೆ ಅವಳು ಮೂರನೆಯ ಮಹಡಿಯ ಬಾಡಿಗೆ ಕೋಣೆಯಲ್ಲೇ ಉಳಿದಳು. ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು.

"ನಾನು ಕೆಳಗಿಳಿಯೋದು ಹೆಣವಾದ ಮೇಲೇನೇ ಅಂತ ಕಾಣುತ್ತೆ ಕಣೋ" ಎಂದಳು ಒಂದು ದಿನ. ಆ ಮಾತು ತಮ್ಮನ ಎದೆಗೆ ನಾಟಿತು. ಹಾಗಾಗಿ ಅವನು ಹಳೆಯ ಮನೆಗಾಡಿಯೊಂದನ್ನು ಕೊಂಡ. ಮುಂದೆ ಡ್ರೈವರ್ ಸೀಟು, ಹಿಂದೆ ಹಾಸಿಗೆ, ಒಲೆ, ತೊಟ್ಟಿ. ಮೆಟ್ಟಿಲು ಒಂದೇ ಒಂದು.

ಮೊದಲಿನ ಯಜಮಾನ ಅದರಲ್ಲಿ ಒಂಟಿಯಾಗಿ ಬದುಕಿದ್ದ ಮುದುಕ. ಕಳ್ಳರ ಭಯ ಅವನಿಗೆ. ಕಿಟಕಿಗಳಿಗೆಲ್ಲ ಒಳಗಿನಿಂದ ತಗಡು ಜಡಿದಿದ್ದ. ಡ್ರೈವರ್ ಸೀಟಿಗೂ ಕೋಣೆಗೂ ನಡುವೆ ಕಬ್ಬಿಣದ ಹಾಳೆ ಕೂರಿಸಿದ್ದ. ಹೊರಗಿರಬೇಕಾದ ಗ್ಯಾಸ್ ಸಿಲಿಂಡರನ್ನೂ ಒಳಗೆ ತಂದು, ಕೂರುವ ಹಲಗೆಯ ಕೆಳಗಿಟ್ಟು, ಮೇಲೆ ಮೊಳೆ ಹೊಡೆದಿದ್ದ. ಬಾಗಿಲಿಗೆ ತಾನೇ ಮಾಡಿಸಿದ ಸ್ಪ್ರಿಂಗ್ ಚಿಲಕ. ಬಾಗಿಲು ಮುಚ್ಚಿದರೆ ತಾನಾಗಿ ಬೀಳುತ್ತಿತ್ತು, ಒಳಗಿನಿಂದ ಮಾತ್ರ ತೆಗೆಯಬಹುದಿತ್ತು; ಹೊರಗೆ ಹೋಗುವಾಗ ಅದನ್ನು ಎತ್ತಿ ಕಟ್ಟಿ, ಹೊರಗಿನಿಂದ ಬೀಗ ಹಾಕಬೇಕಿತ್ತು.

ಕೀಲಿಕೈ ಕೊಡುವಾಗ ಅವನು, "ಏನನ್ನೂ ಕೀಳಬೇಡಿ, ಕಾಲ ಕೆಟ್ಟಿದೆ" ಎಂದಿದ್ದ.

ಗಾಡಿಯನ್ನು ತನ್ನ ಅಂಗಡಿಯ ಮುಂದೆ ನಿಲ್ಲಿಸಿಕೊಂಡು ಪುಕ್ಕಲಣ್ಣ ಒಂದೊಂದಾಗಿ ಕೀಳತೊಡಗಿದ. ಸ್ಕ್ರೂಗಳ ತಲೆ ಸವೆದು ನುಣ್ಣಗಾಗಿದ್ದವು, ಬೋಲ್ಟುಗಳಿಗೆ ತುಕ್ಕು, ಅದರ ಮೇಲೆ ಅಂಟು ಬೇರೆ. ಕಬ್ಬಿಣದ ಹಾಳೆ ಕೆಳಗಿನ ಒಂದು ಮೂಲೆ ಬಿಟ್ಟು ಎಲ್ಲ ಕಡೆ ಸಡಿಲವಾಯಿತು. ಆ ಮೂಲೆಯ ಬೋಲ್ಟು ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಆ ಮಧ್ಯಾಹ್ನ ಅಕ್ಕನನ್ನೂ ಎತ್ತಿಕೊಂಡು ಬಂದು ಹಲಗೆಯ ಮೇಲೆ ಕೂರಿಸಿದ್ದ. "ಮುದುಕ ಕಟ್ಟಿದ್ದು ಮನೆಯಲ್ಲ, ಜೈಲು" ಎಂದು ಅವಳು ನಕ್ಕಳು. ಒಲೆಯ ಹಿಂದಿನ ಗೋಡೆಗೆ ಹೊಡೆದಿದ್ದ ಕೊಕ್ಕೆಯನ್ನು ಅವನು ಜೋರಾಗಿ ಜಗ್ಗಿದಾಗ ಅದು ಕಿತ್ತು ಬಂತು. ಅದರೊಡನೆ ಗ್ಯಾಸಿನ ಟ್ಯೂಬೂ ಒಲೆಯಿಂದ ಜಾರಿದ್ದನ್ನು ಇಬ್ಬರೂ ನೋಡಲಿಲ್ಲ. ಬೋಲ್ಟಿಗೆ ಬಿಡಲು ಎಣ್ಣೆ ತರುತ್ತೇನೆಂದು ಅವನು ಪಕ್ಕದ ಟೈರ್ ಅಂಗಡಿಗೆ ಹೋದ. ಗಾಳಿ ಬೀಸಿ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು.

ಎಣ್ಣೆ ಹಿಡಿದು ವಾಪಸು ಬಂದವನು ಬಾಗಿಲು ಎಳೆದ. ಬರಲಿಲ್ಲ. ಸಂದಿಯಿಂದ ಗ್ಯಾಸಿನ ವಾಸನೆ ಮೂಗಿಗೆ ಬಡಿದಾಗ ಅವನು ಬಾಗಿಲಿಗೆ ಬಾಯಿ ಹಚ್ಚಿ ಕೂಗಿದ.

"ಅಕ್ಕಾ!"

"ಏನೋ ಬುಸ್ ಅಂತಿದೆ ಕಣೋ. ಇಲ್ಲಿ ಕತ್ತಲೆ. ತಾಳು, ಸ್ವಿಚ್ಚು ಕೈಗೆ ಸಿಗುತ್ತೆ, ಲೈಟ್ ಹಾಕ್ತೀನಿ."

"ಬೇಡ! ಸ್ವಿಚ್ ಮುಟ್ಟಬೇಡ! ನನ್ನಾಣೆ, ಮುಟ್ಟಬೇಡ!"

"ಗ್ಯಾಸಾ?" ಎಂದಳು. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ಅವನು ಎಂದೂ ಕೇಳಿರಲಿಲ್ಲ. ಎದ್ದು ಚಿಲಕ ತೆಗೆಯಲು ಅವಳ ಕಾಲಲ್ಲಿ ಬಲವಿಲ್ಲ. ಸಿಲಿಂಡರ್ ಅವಳು ಕೂತ ಹಲಗೆಯ ಕೆಳಗೇ.

ಕೂಗು ಕೇಳಿ ಟೈರ್ ಅಂಗಡಿಯವನು ಡ್ರಿಲ್ ಹಿಡಿದು ಓಡಿ ಬಂದ. "ಸರಿ, ಚಿಲಕ ಕೊರೆದುಬಿಡ್ತೀನಿ."

"ಒಂದು ಕಿಡಿ ಹಾರಿದ್ರೆ ಅಕ್ಕ ಉಳಿಯಲ್ಲ ಅಣ್ಣಾ!" ಪುಕ್ಕಲಣ್ಣ ಅವನ ಕೈ ಹಿಡಿದು ತಡೆದ. "ಬೀದಿ ಕಡೆಯಿಂದ ಯಾರೂ ಬರದ ಹಾಗೆ ನೋಡ್ಕೊ. ಬೀಡಿಗೀಡಿ ಹಚ್ಚಿದ್ರೆ ಒದ್ದು ಓಡಿಸು."

ಗಿರಾಕಿಗಳ ಕೊರಳಿಗೆ ಸುತ್ತುವ ಬಟ್ಟೆಯನ್ನು ನೀರಲ್ಲಿ ಅದ್ದಿ ಹಾರೆಗೆ ಸುತ್ತಿಕೊಂಡು ಅವನು ಡ್ರೈವರ್ ಸೀಟಿಗೆ ಹತ್ತಿದ. ಹಾರೆಯ ತುದಿಯನ್ನು ಹಾಳೆಯ ಸಂದಿಗೆ ತೂರಿಸಿ, ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ನಿಧಾನವಾಗಿ ಮೀಟಿದ. ಬೆವರು ಕಣ್ಣಿಗಿಳಿಯುತ್ತಿತ್ತು. ಓಡಿಹೋಗು ಎಂದು ಮೈಯೆಲ್ಲ ಕೂಗುತ್ತಿತ್ತು.

"ಅಕ್ಕಾ, ಮಾತಾಡ್ತಾ ಇರು."

"ಏನು ಮಾತಾಡ್ಲಿ? ತಲೆ ತಿರುಗ್ತಿದೆ... ನೀನು ದೂರ ಹೋಗೋ. ನಿಂಗೆ ಹೆದರಿಕೆ ಆಗುತ್ತೆ."

"ಆಗ್ತಿದೆ. ಬೈತಾ ಇರು ಸಾಕು."

ಅವಳು ಬೈದಳು. ಆಮೇಲೆ ಬೈಗುಳದ ನಡುವೆ ಅಂತರ ಹೆಚ್ಚಿತು. ಆಮೇಲೆ ಏನೂ ಕೇಳಿಸಲಿಲ್ಲ. ಆ ನಿಶ್ಶಬ್ದದಲ್ಲಿ ಬುಸ್ ಎನ್ನುವುದೊಂದೇ ಉಳಿದಾಗ ಅವನು ಹಾರೆ ಬಿಟ್ಟು ಎರಡೂ ಕೈಯಿಂದ ಹಾಳೆಯ ಅಂಚು ಹಿಡಿದು ಎಳೆದ. ಬೆರಳು ಸೀಳಿತು. ಹಾಳೆ ಬಾಗಿತು. ಬೋಲ್ಟು ಕೊನೆಗೂ ಬಿಡಲಿಲ್ಲ, ಆದರೆ ಒಬ್ಬ ಮನುಷ್ಯ ನುಸುಳುವಷ್ಟು ಜಾಗವಾಯಿತು.

ಉಸಿರು ಬಿಗಿಹಿಡಿದು ಒಳಗೆ ಹೊಕ್ಕ. ಕತ್ತಲಲ್ಲಿ ತಡವರಿಸುತ್ತ ಮೊದಲು ಸಿಕ್ಕಿದ್ದು ಅವಳ ಕೈ. ಅದು ಸ್ವಿಚ್ಚಿನಿಂದ ದೂರ, ಮಡಿಲಲ್ಲಿ ಬಿಗಿಯಾಗಿ ಮುಷ್ಟಿ ಕಟ್ಟಿತ್ತು. ಗೋಡೆ ಸವರಿ ಚಿಲಕ ಎತ್ತಿ, ಅವಳನ್ನು ಹೆಗಲಿಗೆ ಹಾಕಿಕೊಂಡು ಬೆಳಕಿಗೆ ಬಿದ್ದ.

ಅಕ್ಕ ಕೆಮ್ಮಿದಳು, ವಾಂತಿ ಮಾಡಿದಳು, ಆಸ್ಪತ್ರೆಯಲ್ಲಿ ಒಂದು ರಾತ್ರಿ ಇದ್ದು ಬಂದಳು. ಟೈರ್ ಅಂಗಡಿಯವನು ಸಿಲಿಂಡರ್ ಹೊರಗೆ ಕಟ್ಟಿಸಿ, ತಗಡುಗಳನ್ನೆಲ್ಲ ಕಿತ್ತುಹಾಕಿದ. ಈಗ ಅಕ್ಕ-ತಮ್ಮ ಅದರಲ್ಲೇ ಇದ್ದಾರೆ. ಅವಳು ಕಿಟಕಿಯ ಪಕ್ಕ ಕೂತು ಹೋಗಿಬರುವವರ ಇಸ್ತ್ರಿಯಿಲ್ಲದ ಅಂಗಿಗಳಿಗೆ ಹೆಸರಿಡುತ್ತಾಳೆ.

ಮೊನ್ನೆ ಟೈರ್ ಅಂಗಡಿಯವನು ಕೇಳಿದ: "ಈಗಾದ್ರೂ ಧೈರ್ಯ ಬಂತೇನಪ್ಪ?"

"ಎಲ್ಲಿಂದ ಬರುತ್ತೆ? ಅವಳು ಗೊರಕೆ ನಿಲ್ಲಿಸಿದ್ರೆ ಸಾಕು, ಎದ್ದು ಕೂತ್ಕೋತೀನಿ" ಎಂದು ಪುಕ್ಕಲಣ್ಣ ಕುರ್ಚಿಯಲ್ಲಿದ್ದವರ ಕೆನ್ನೆಗೆ ನೊರೆ ಹಚ್ಚತೊಡಗಿದ.