ಎಳೆಗಾಯಿ ಕಿತ್ತ ಬೇಸಿಗೆ

ಬಿಸಿಲನ್ನು ಬೈಯುವುದು ನನಗೆ ಬಹಳ ಪ್ರಿಯವಾದ ಕೆಲಸ. ನಾಸಿಕ್ ನಗರದ ನಮ್ಮ ಮನೆಯಲ್ಲಿ ಕೂಲರಿನ ಎದುರು ಕುಳಿತು ಬೈಯುವುದು ಇನ್ನೂ ಪ್ರಿಯ. ಹಾಗೆಯೇ, ಬೀದರಿನವನಾದ ನನಗೆ ಇದೆಲ್ಲ ಯಾವ ಬಿಸಿಲು ಎಂದು ಕಾರ್ಖಾನೆಯ ಗೆಳೆಯರೆದುರು ಬಡಾಯಿ ಕೊಚ್ಚುವವನೂ ನಾನೇ. ಆ ಬಡಾಯಿ ನಿಂತದ್ದು ಕಳೆದ ಮೇ ತಿಂಗಳಲ್ಲಿ, ಸಿಲ್ಲೋಡ್ ಊರಿನ ಹತ್ತಿರದ ಅಕ್ಕನ ತೋಟದಲ್ಲಿ.

ಅಕ್ಕನನ್ನು ಅಲ್ಲಿಯ ಹತ್ತಿ ವ್ಯಾಪಾರಿಗೆ ಕೊಟ್ಟಿದ್ದೇವೆ. ಭಾವ ಅಂಗಡಿ ನೋಡಿಕೊಂಡರು, ಅಕ್ಕ ಮೋಸಂಬಿ ತೋಟ ಬೆಳೆಸಿದಳು. ನಾನು ಹೋದಾಗ ನಡುಮಧ್ಯಾಹ್ನ. ಎಲೆಗಳೆಲ್ಲ ದೋಣಿಯಂತೆ ಮಡಚಿಕೊಂಡಿದ್ದವು.

"ಸಂಜಿಗೆ ಬಿಚ್ಕೋತಾವೇನಕ್ಕಾ?" ಎಂದೆ.

"ಮದಲ್ ಬಿಚ್ಕೋತಿದ್ವು. ಈಗ ಮುಂಜಾನಿಗೂ ಹಿಂಗೇ ಇರ್ತಾವ, ತಮ್ಮಾ."

ಎಲೆಯ ಮೈತುಂಬ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ. ಇದ್ದ ನೀರು ಆರಿಹೋಗದಿರಲೆಂದು ಗಿಡ ಅವನ್ನು ಮುಚ್ಚಿಕೊಳ್ಳುತ್ತದೆ. ಆದರೆ ಗಾಳಿ ಒಳಗೆ ಹೋಗುವುದೂ ಅಲ್ಲಿಂದಲೇ. ಗಾಳಿಯಿಲ್ಲದೆ ಅದರ ಅಡುಗೆಯಿಲ್ಲ. ಬಾಯಾರಿಕೆಗೆ ಹೆದರಿ ಉಪವಾಸ ಬೀಳುವ ಬದುಕು. ಶಾಲೆಯಲ್ಲಿ ಇದನ್ನೆಲ್ಲ ಬಾಯಿಪಾಠ ಮಾಡಿ ಒಳ್ಳೆಯ ಅಂಕ ಪಡೆದಿದ್ದೆ. ಉಪವಾಸ ಬಿದ್ದ ಗಿಡವನ್ನು ಮಾತ್ರ ನೋಡಿರಲಿಲ್ಲ.

ತೋಟದ ಒಂದು ಭಾಗ ಬಾವಿಯ ಕಡೆ, ಇನ್ನೊಂದು ಇಳಿಜಾರಿನಲ್ಲಿ. ಬಾವಿಯ ನೀರು ಇಡೀ ತೋಟಕ್ಕೆ ಸಾಲುತ್ತಿರಲಿಲ್ಲ. ಎಲ್ಲಕ್ಕೂ ಹಂಚಿದರೆ ಒಂದೂ ಉಳಿಯುವಂತಿರಲಿಲ್ಲ. ಭಾವ "ನಾಳಿ ನೋಡೋಣ" ಎನ್ನುತ್ತಲೇ ದಿನ ದೂಡಿದ್ದರು. ಆ ಸಂಜೆ ಅಕ್ಕ ಅವರನ್ನು ಕೇಳಿದಳು, "ನಾಳಿ ಮಳಿ ಬರ್ತದೇನ್ರಿ?" ಅವಳೇ ಎದ್ದು ಹೋಗಿ ಇಳಿಜಾರಿನ ಕಡೆಯ ಪೈಪನ್ನು ಬಂದ್ ಮಾಡಿ ಬಂದಳು.

ಮರುದಿನ ಬೆಳಿಗ್ಗೆ ಬಾವಿ ಕಡೆಯ ಗಿಡಗಳ ಕಾಯಿ ಕೀಳಲು ನಿಂತೆವು. ಕಾಯಿ ಹೋದರೆ ಹೋಗಲಿ, ಗಿಡವಾದರೂ ಬದುಕೀತು ಎಂಬ ಆಸೆ. ನಿಂಬೆಗಿಂತ ಚಿಕ್ಕ ಹಸಿರು ಕಾಯಿಗಳು. ನಾನು ಗಿಡಕ್ಕೆ ನೋವಾದೀತೆಂಬಂತೆ ಮೆಲ್ಲಗೆ ಕೀಳುತ್ತಿದ್ದೆ.

"ಲಗೂ ಲಗೂ ಕೀಳೋ," ಎಂದಳು ಅಕ್ಕ. "ವಿಚಾರ ಮಾಡ್ಕೋತ ನಿಂತ್ರ ಇದು ಆಗೂ ಕೆಲಸಲ್ಲ."

ಅವಳು ಒಮ್ಮೆಯೂ ಇಳಿಜಾರಿನ ಕಡೆ ತಿರುಗಲಿಲ್ಲ. ಊಟಕ್ಕೆ ಕುಳಿತಾಗ ಬೆರಳಿಗೆ ಅಂಟಿದ್ದ ಸಿಪ್ಪೆಯ ಘಾಟು ರೊಟ್ಟಿಗೂ ಹತ್ತಿತು.

ಮಳೆ ತಡವಾಗಿ ಬಂತು. ಅದು ಹಿಡಿದು ಕೆಲವು ದಿನಗಳಾದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. ಬಾವಿ ಕಡೆಯ ಗಿಡಗಳು ಚಿಗುರಿವೆ ಎಂದಳು.

"ಇಳಿಜಾರಿನವು?"

"ಒಣಗ್ಯಾವ. ಕಡಿಸ್ಬೇಕು."

ಅವಳ ಮನೆಯ ತಗಡಿನ ಮೇಲೆ ಮಳೆ ಬೀಳುವ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು. ಅಕ್ಕ ಹೇಳಿದಳು, "ಮಳಿ ಮಾತ್ರ ಎರಡೂ ಕಡಿ ಒಂದೇ ನಮೂನಿ ಬೀಳ್ಲಾಕತ್ತದ, ತಮ್ಮಾ."